ನುಡಿಯಲ್ಲಿ ಸೌಮ್ಯೋಕ್ತಿ

ಹಳೆಯ ಸಂಪ್ರದಾಯದ ಮನೆಗಳಲ್ಲಿ "ದೀಪ ಆರಿಸು" ಎಂದು ಯಾರೂ ಹೇಳುವುದಿಲ್ಲ. "ದೀಪ ಶಾಂತ ಮಾಡು" ಎನ್ನುತ್ತಾರೆ. ನೆಂಟರ ಮನೆಯಿಂದ ಹೊರಡುವಾಗ "ಹೋಗುತ್ತೇನೆ" ಎಂದರೆ ಅಪಶಕುನ; "ಹೋಗಿಬರುತ್ತೇನೆ" ಎನ್ನಬೇಕು. ಬಳೆ ಒಡೆದರೆ "ಬಳೆ ಹೆಚ್ಚಿತು" ಎನ್ನುವುದುಂಟು. ಹಾವು ಕಚ್ಚಿದರೆ "ಹುಳ ಮುಟ್ಟಿತು" ಎಂದು ಹಳ್ಳಿಯವರು ಹೇಳುತ್ತಾರೆ. ಈ ಮಾತುಗಳಲ್ಲೆಲ್ಲ ಮನಸ್ಸಿನಲ್ಲಿರುವ ಪದ ಒಂದು, ನಾಲಗೆಯ ಮೇಲೆ ಬರುವ ಪದ ಇನ್ನೊಂದು. ಆದರೂ ಕೇಳಿದವರಿಗೆ ಅರ್ಥವಾಗದೆ ಹೋಗುವುದಿಲ್ಲ. ಅಪ್ರಿಯವಾದ ಸಂಗತಿಯನ್ನು ಹೀಗೆ ಮೃದುವಾದ ಬೇರೊಂದು ಪದದಿಂದ ಸೂಚಿಸುವ ಕ್ರಮವನ್ನು ಸೌಮ್ಯೋಕ್ತಿ ಎಂದು ಕರೆಯಬಹುದು. ಇದರ ಗುಣವೇನು, ಇದರಿಂದ ಬರತಕ್ಕ ಅಪಾಯವೇನು ಎಂಬುದೇ ಈ ಭಾಷಣದ ವಿಷಯ.

ಈ ಪದ್ಧತಿ ನಮ್ಮ ನುಡಿಯೊಂದರ ಸ್ವತ್ತಲ್ಲ. ಪ್ರಾಚೀನ ಗ್ರೀಕರು ಸೇಡಿನ ಘೋರ ದೇವತೆಗಳನ್ನು ನಿಜವಾದ ಹೆಸರಿನಿಂದ ಕೂಗಲು ಅಂಜಿ "ಯುಮೆನಿಡಿಸ್", ಎಂದರೆ ದಯೆಯುಳ್ಳವರು, ಎಂದು ಕರೆದರು. ವೇದದ ರುದ್ರನಿಗೆ "ಶಿವ", ಎಂದರೆ ಮಂಗಳಕರ, ಎಂಬ ವಿಶೇಷಣ ಸಂದದ್ದು ಇಂತಹ ಭಯಭಕ್ತಿಯಿಂದಲೇ ಎಂದು ಅನೇಕ ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ನಮ್ಮ ಆಲಂಕಾರಿಕರಂತೂ ಈ ವಿಷಯವನ್ನು ಬಹು ಸೂಕ್ಷ್ಮವಾಗಿ ನೋಡಿದರು. ವಾಮನ, ಮಮ್ಮಟ ಮೊದಲಾದವರು ಕಾವ್ಯದೋಷಗಳನ್ನು ಹೇಳುವಾಗ "ಅಶ್ಲೀಲ"ವನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ: ನಾಚಿಕೆ ಹುಟ್ಟಿಸುವುದು, ಅಸಹ್ಯ ಹುಟ್ಟಿಸುವುದು, ಅಮಂಗಳವನ್ನು ನೆನಪಿಗೆ ತರುವುದು. ಇಂದು ಅಶ್ಲೀಲವೆಂದರೆ ನಾವು ಮೊದಲನೆಯದನ್ನು ಮಾತ್ರ ತಿಳಿಯುತ್ತೇವೆ. ಅವರ ದೃಷ್ಟಿಯಲ್ಲಿ ಸಾವಿನ ಸೂಚನೆಯೂ ಅಶ್ಲೀಲವೇ. ಕವಿಗೆ ದೋಷವಾದದ್ದು ಮನೆವಾರ್ತೆಯಲ್ಲಿಯೂ ದೋಷವೇ ಅಲ್ಲವೆ? ಆ ಮೂರರಿಂದಲೂ ಪಾರಾಗಲು ಜನ ತಾವಾಗಿಯೇ ಕಂಡುಕೊಂಡ ಉಪಾಯ ಸೌಮ್ಯೋಕ್ತಿ.

ಮೊದಲು ಅಮಂಗಳದ ಮಾತನ್ನು ತೆಗೆದುಕೊಳ್ಳೋಣ. "ಸತ್ತರು" ಎಂಬ ಪದ ಕನ್ನಡದಲ್ಲಿ ಇದ್ದೇ ಇದೆ. ಆದರೆ ನಮ್ಮವರ ವಿಷಯದಲ್ಲಿ ಅದನ್ನು ಬಳಸಲು ಬಾಯಿ ಬರುವುದಿಲ್ಲ. ತೀರಿಕೊಂಡರು, ದೈವಾಧೀನರಾದರು, ವೈಕುಂಠವಾಸಿಗಳಾದರು, ಲಿಂಗೈಕ್ಯರಾದರು, ಶಿವನ ಪಾದ ಸೇರಿದರು ಎಂದು ಒಂದೊಂದು ಮತದವರು ಒಂದೊಂದು ಬಗೆಯಲ್ಲಿ ಹೇಳುತ್ತಾರೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಏಳನೆಯ ಶತಮಾನದಷ್ಟು ಹಿಂದಿನ ಶಾಸನಗಳಲ್ಲಿ, ವ್ರತ ಹಿಡಿದು ದೇಹವನ್ನು ತ್ಯಜಿಸಿದ ಮುನಿಗಳು "ಮುಡಿಪಿದರ್", ಎಂದರೆ ಪೂರೈಸಿದರು, ಎಂದು ಬರೆದಿದೆ. ಇಲ್ಲಿ ಯಾರಿಗೂ ಮೋಸವಿಲ್ಲ. ಸಾವು ಸಾವೇ ಎಂಬುದನ್ನು ಎಲ್ಲರೂ ಬಲ್ಲರು. ಉಳಿದವರ ದುಃಖಕ್ಕೆ ಮಾತು ಒಂದು ಮೆತ್ತನೆಯ ಆಸರೆಯಾಗುತ್ತದೆ, ಅಷ್ಟೆ.

ಆದರೆ ಭಯದಿಂದ ಹುಟ್ಟಿದ ಹೆಸರು ಯಾವಾಗಲೂ ಇಷ್ಟು ನಿರಪಾಯವಾಗಿರುವುದಿಲ್ಲ. ಸಿಡುಬನ್ನು "ಅಮ್ಮ" ಎಂದು ಕರೆದದ್ದು ಅದರ ಕ್ರೌರ್ಯಕ್ಕೆ ಹೆದರಿಯೇ. ಆ ರೋಗ ನಮ್ಮ ದೇಶದಲ್ಲಿ ಕೊನೆಯದಾಗಿ ಕಾಣಿಸಿಕೊಂಡದ್ದು 1975ರಲ್ಲಿ. ಭೂಮಂಡಲದಿಂದಲೇ ಅದು ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಸಾರಿತು. ಹೆಸರು ಮಾತ್ರ ಉಳಿದು ಸೀತಾಳೆ ಸಿಡುಬಿಗೆ ಅಂಟಿಕೊಂಡಿದೆ. ಮನೆಗೆ ಬಂದವಳು "ಅಮ್ಮ"ನಾದ ಮೇಲೆ ಅವಳನ್ನು ಪೂಜಿಸಿ ಕಳುಹಿಸಬೇಕಲ್ಲದೆ ಔಷಧ ಹಾಕಿ ಅಟ್ಟುವುದುಂಟೆ ಎಂಬ ಯೋಚನೆ ಸಹಜವಾಗಿಯೇ ಹುಟ್ಟುತ್ತದೆ. ಹೆಸರು ಮನಸ್ಸಿಗೆ ಸಮಾಧಾನವನ್ನು ತಂದರೂ ಕೈಯನ್ನು ಕಟ್ಟಿಹಾಕಬಲ್ಲದು ಎಂಬುದಕ್ಕೆ ಇದು ಮೊದಲನೆಯ ನಿದರ್ಶನ.

ಇನ್ನು ಅಸಹ್ಯ ಮತ್ತು ನಾಚಿಕೆ. ಮನುಷ್ಯರೆಲ್ಲರೂ ದಿನವೂ ಹೋಗತಕ್ಕ ಒಂದು ಸ್ಥಳವಿದೆ. ಅದಕ್ಕೆ ನೆಟ್ಟಗಿನ ಹೆಸರು ಯಾವ ಭಾಷೆಯಲ್ಲಿಯೂ ಬಹುಕಾಲ ನಿಂತದ್ದಿಲ್ಲ. ನಮ್ಮ ಹಿರಿಯರು "ಬಹಿರ್ದೆಸೆ" ಎಂದು ದಿಕ್ಕನ್ನಷ್ಟೇ ಹೇಳಿದರು. "ಕೆರೆಯ ಕಡೆ ಹೋದರು" ಎಂದರು. ಪಾರಸಿಯಿಂದ ಬಂದ "ಪಾಯಿಖಾನೆ"ಗೆ ಮೂಲಾರ್ಥ ಕಾಲಿನ ಮನೆ. ಅದು ಒರಟಾಯಿತೆಂದು "ಶೌಚಾಲಯ" ಎಂದೆವು, ಶೌಚವೆಂದರೆ ಶುಚಿತ್ವ. ಈಗ ಅದೂ ಒರಟೆನಿಸಿ "ಟಾಯ್ಲೆಟ್" ಎನ್ನುತ್ತೇವೆ. ಫ್ರೆಂಚರಲ್ಲಿ ಆ ಪದಕ್ಕೆ ಚಿಕ್ಕ ಬಟ್ಟೆಯೆಂದು ಅರ್ಥವಿತ್ತು. ಅದಕ್ಕೂ ವಾಸನೆ ತಗುಲಿ, ಈಚೆಗೆ "ವಾಷ್‌ರೂಂ", "ರೆಸ್ಟ್‌ರೂಂ" ಎಂದು ಕೇಳಿಬರುತ್ತಿದೆ. ವಿಶ್ರಾಂತಿಗೆಂದು ಅಲ್ಲಿಗೆ ಹೋದವರನ್ನು ಯಾರೂ ಕಂಡಿಲ್ಲ!

ಇದರಲ್ಲಿ ಒಂದು ನಿಯಮವಿದೆ. ಹೊಸ ಪದ ಮೊದಲು ಶುಭ್ರವಾಗಿರುತ್ತದೆ. ಹಳೆಯ ಪದಾರ್ಥದೊಡನೆ ಕೆಲವು ವರ್ಷ ಸಹವಾಸ ಮಾಡಿದ ಮೇಲೆ ಅದರ ಬಣ್ಣವನ್ನೇ ಪಡೆಯುತ್ತದೆ. ಆಗ ಇನ್ನೊಂದು ಪದವನ್ನು ಹುಡುಕಬೇಕಾಗುತ್ತದೆ. ಅಮೆರಿಕದ ಭಾಷಾವಿಜ್ಞಾನಿ ಸ್ಟೀವನ್ ಪಿಂಕರ್ 1994ರಲ್ಲಿ ಇದನ್ನು ಎಷ್ಟು ತುಳಿದರೂ ನಿಂತಲ್ಲಿಯೇ ಇರಿಸುವ ಯಂತ್ರಕ್ಕೆ ಹೋಲಿಸಿದರು. ನಾವಾದರೆ ಗಾಣದ ಎತ್ತಿನ ನಡಿಗೆ ಎನ್ನುತ್ತಿದ್ದೆವು. ದಿನವೆಲ್ಲ ನಡೆದರೂ ಎತ್ತು ಊರು ದಾಟುವುದಿಲ್ಲ. ನಮ್ಮ ಭಾವನೆ ಬದಲಾಗದೆ ಪದ ಮಾತ್ರ ಬದಲಾದರೆ ಆಗುವುದು ಹೀಗೆಯೇ.

ಸ್ಥಳಕ್ಕೆ ಹೆಸರಿಡುವುದರಲ್ಲಿ ತಪ್ಪಿದರೆ ನಗು ಬರುತ್ತದೆ. ಮನುಷ್ಯರಿಗೆ ಹೆಸರಿಡುವುದರಲ್ಲಿ ತಪ್ಪಿದರೆ ಎದೆ ನೋಯುತ್ತದೆ. ಯಾವ ಜನವರ್ಗವನ್ನು ಯಾವ ಪದದಿಂದ ಕರೆದರೆ ಅವಮಾನವಾಗದು ಎಂಬ ಚರ್ಚೆ 1990ರ ಸುಮಾರಿಗೆ ಅಮೆರಿಕದ ವಿದ್ಯಾಪೀಠಗಳಲ್ಲಿ "ಪೊಲಿಟಿಕಲ್ ಕರೆಕ್ಟ್‌ನೆಸ್" ಎಂಬ ಹೆಸರಿನಿಂದ ಬಹು ಗದ್ದಲವೆಬ್ಬಿಸಿತು. ಇದು ಅಲ್ಲಿಂದ ಬಂದ ಹೊಸ ಶೋಕಿಯೆಂದು ಹಲವರು ತಿಳಿದಿದ್ದಾರೆ. ಆದರೆ ನಮ್ಮ ಸಮಾಜ ಈ ಪ್ರಶ್ನೆಯನ್ನು ಅದಕ್ಕಿಂತ ಅರವತ್ತು ವರ್ಷ ಮೊದಲೇ ಎದುರಿಸಿತ್ತು.

"ಅಸ್ಪೃಶ್ಯ"ರೆಂಬ ಹೆಸರನ್ನು ಹೋಗಲಾಡಿಸಬೇಕೆಂದು ಗಾಂಧೀಜಿಯವರು "ಹರಿಜನ" ಎಂಬ ಪದವನ್ನು ಪ್ರಚಾರಕ್ಕೆ ತಂದರು. 1933ರಲ್ಲಿ ಆ ಹೆಸರಿನ ವಾರಪತ್ರಿಕೆಯನ್ನೂ ಆರಂಭಿಸಿದರು. ಅವರ ಉದ್ದೇಶ ನಿರ್ಮಲವಾಗಿತ್ತು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಯಾರಿಗೆ ಆ ಹೆಸರನ್ನು ಕೊಟ್ಟರೋ ಅವರಲ್ಲಿ ಅನೇಕರು ಅದನ್ನು ಒಪ್ಪಲಿಲ್ಲ. 1938ರಲ್ಲಿ ಮುಂಬಯಿಯ ಶಾಸನಸಭೆಯಲ್ಲಿ ಒಂದು ಮಸೂದೆಯೊಳಗೆ ಆ ಪದವನ್ನು ಸೇರಿಸಿದಾಗ ಡಾಕ್ಟರ್ ಅಂಬೇಡ್ಕರರೂ ಅವರ ಪಕ್ಷದವರೂ ಪ್ರತಿಭಟಿಸಿ ಸಭೆಯಿಂದ ಹೊರನಡೆದರು. ಅಧಿಕೃತ ಪತ್ರಗಳಲ್ಲಿ ಆ ಪದ ಬೇಡವೆಂದು ಕೇಂದ್ರ ಸರ್ಕಾರ ಸೂಚನೆ ಹೊರಡಿಸಿದ್ದು 1982ರಲ್ಲಿ. ಬಾವಿಯ ನೀರು ಮುಟ್ಟಗೊಡದವರು "ಹರಿಯ ಜನ" ಎಂದು ಕರೆದರೆ ಬಾಯಾರಿಕೆ ತಣಿಯುವುದೆ? ಕಡೆಗೆ ಆ ಜನ ತಾವೇ ಆರಿಸಿಕೊಂಡ ಹೆಸರು "ದಲಿತ". ತುಳಿಯಲ್ಪಟ್ಟವರು ಎಂಬುದು ಅದರ ಅರ್ಥ. ಅದು ಮೃದುವಾದ ಪದವೇ ಅಲ್ಲ. ನಡೆದದ್ದನ್ನು ನಡೆದಂತೆ ಹೇಳುವ ಪದ. 1970ರ ದಶಕದಿಂದ ಕರ್ನಾಟಕದಲ್ಲಿಯೂ ಅದು ಚಳವಳಿಯ ಹೆಸರಾಯಿತು. ಗೌರವವೆಂಬುದು ಮೃದುತ್ವದಿಂದಲೇ ಬರಬೇಕೆಂಬ ನಿಯಮವಿಲ್ಲ ಎಂದು ಇದರಿಂದ ತಿಳಿಯುತ್ತದೆ.

ಸಿಹಿ ಹೆಸರಿನ ಮರೆಯಲ್ಲಿ ಕಹಿ ಬಾಳು ಇದ್ದದ್ದಕ್ಕೆ ಇನ್ನೊಂದು ನಿದರ್ಶನ. ಉತ್ತರ ಕರ್ನಾಟಕದಲ್ಲಿಯೂ ಮಹಾರಾಷ್ಟ್ರದಲ್ಲಿಯೂ ವಿಧವೆಗೆ ಕಾಗದ ಬರೆಯುವಾಗ ಹೆಸರಿನ ಹಿಂದೆ "ಗಂಗಾಭಾಗೀರಥಿ" ಎಂದು ಬರೆಯುವ ರೂಢಿಯಿತ್ತು. ಕಾಗದದಲ್ಲಿ ಪುಣ್ಯನದಿ, ಮನೆಯಲ್ಲಿ ಶುಭಕಾರ್ಯಕ್ಕೆ ಎದುರು ಬರಬಾರದವಳು.

ಅಂಗವೈಕಲ್ಯವುಳ್ಳವರ ವಿಷಯವನ್ನೂ ನೋಡಿ. ಕುರುಡ, ಕುಂಟ ಎಂಬ ಪದಗಳನ್ನು ಬೈಗುಳಗಳಂತೆ ಬಳಸಿ ನಾವೇ ಅವನ್ನು ಕೆಡಿಸಿದೆವು. ಬಳಿಕ "ಅಂಗವಿಕಲ" ಬಂತು. ಅದೂ ಸಾಲದೆಂದು "ವಿಕಲಚೇತನ" ಎಂಬುದನ್ನು ತಂದೆವು. ಕರ್ನಾಟಕ ಸರ್ಕಾರದ ಇಲಾಖೆಯೊಂದರ ಹೆಸರಿನಲ್ಲಿಯೇ ಅದು ಸೇರಿದೆ. ಪದವನ್ನು ಬಿಡಿಸಿ ನೋಡಿದರೆ ಆಶ್ಚರ್ಯವಾಗುತ್ತದೆ: ಹಿಂದೆ ಕುಂದು ಅಂಗಕ್ಕೆ ಮಾತ್ರ ಇತ್ತು; ನಯಮಾಡಹೋಗಿ ಅದನ್ನು ಚೇತನಕ್ಕೇ ಹಚ್ಚಿದೆವು. 2015ರ ಕೊನೆಯಲ್ಲಿ ಪ್ರಧಾನಮಂತ್ರಿಗಳು "ದಿವ್ಯಾಂಗ" ಎಂಬ ಪದವನ್ನು ಸೂಚಿಸಿದರು. ಈ ವರ್ಗದವರ ಹಲವು ಸಂಘಗಳು ಅದನ್ನು ಆಕ್ಷೇಪಿಸಿದವು. ತಮ್ಮ ಕುಂದಿನಲ್ಲಿ ದಿವ್ಯವಾದದ್ದೇನೂ ಇಲ್ಲ, ತಮಗೆ ಬೇಕಾದದ್ದು ಹಕ್ಕು ಎಂಬುದು ಅವರ ವಾದದ ಸಾರ. 1995ರ ಕಾನೂನು ಸರ್ಕಾರಿ ಉದ್ಯೋಗದಲ್ಲಿ ಅವರಿಗೆ ನೂರಕ್ಕೆ 3ರಷ್ಟು ಸ್ಥಾನಗಳನ್ನು ಮೀಸಲಿಟ್ಟಿತ್ತು. 2016ರ ಕಾನೂನು ಅದನ್ನು 4ಕ್ಕೆ ಏರಿಸಿತು. ಗಾಲಿಕುರ್ಚಿಯಲ್ಲಿ ಬಂದವನಿಗೆ ಕಚೇರಿಯ ಬಾಗಿಲಿನಲ್ಲಿ ಮೆಟ್ಟಿಲೇ ಎದುರಾದರೆ, ಅವನನ್ನು ಏನೆಂದು ಕರೆದರೂ ಅವನು ಹೊರಗೇ ಉಳಿಯುತ್ತಾನೆ.

"ಜಾಡಮಾಲಿ" ಹೋಗಿ "ಪೌರಕಾರ್ಮಿಕ" ಬಂದದ್ದು ಒಳ್ಳೆಯ ಬದಲಾವಣೆ. ಆ ಪದದಲ್ಲಿ ಊರಿನ ಸೇವೆಯ ಗೌರವವಿದೆ. ಆದರೆ ಮಲವನ್ನು ಮನುಷ್ಯರ ಕೈಯಿಂದ ತೆಗೆಸುವುದನ್ನು 1993ರಲ್ಲಿ ಒಮ್ಮೆ, 2013ರಲ್ಲಿ ಮತ್ತೊಮ್ಮೆ ಕಾನೂನು ನಿಷೇಧಿಸಿದ ಮೇಲೆಯೂ ಒಳಚರಂಡಿಯ ಗುಂಡಿಗಿಳಿದವರು ಉಸಿರುಕಟ್ಟಿ ಸತ್ತ ಸುದ್ದಿ ನಿಂತಿಲ್ಲ. ಅಂತಹ ಸುದ್ದಿಯನ್ನು ಓದಿದಾಗ ಹೆಸರು ಮುಂದೆ ನಡೆದಿದೆ, ಕೆಲಸ ಹಿಂದೆಯೇ ನಿಂತಿದೆ ಎನಿಸುತ್ತದೆ.

ಇಲ್ಲಿಯವರೆಗೆ ಹೇಳಿದವು ಸದುದ್ದೇಶದ ಮಾತುಗಳು. ಸ್ವಕಾರ್ಯಸಾಧನೆಗೆಂದೇ ಹುಟ್ಟಿದ ಸೌಮ್ಯೋಕ್ತಿಗಳೂ ಉಂಟು. ಲಂಚಕ್ಕೆ "ಮಾಮೂಲು" ಎಂದು ಹೆಸರು. ಅರಬ್ಬಿ ಮೂಲದ ಆ ಪದಕ್ಕೆ ರೂಢಿಯಂತೆ ನಡೆದುಬಂದದ್ದು ಎಂದು ಅರ್ಥ. ಪಾಪವನ್ನು ಪದ್ಧತಿಯೆಂದು ಕರೆದ ಮೇಲೆ ಕೇಳುವವನಿಗೂ ಸಂಕೋಚವಿಲ್ಲ, ಕೊಡುವವನಿಗೂ ಕೋಪವಿಲ್ಲ. ಬೆಲೆಯನ್ನು ಏರಿಸಿದಾಗ ಪ್ರಕಟಣೆಯಲ್ಲಿ "ದರ ಪರಿಷ್ಕರಣೆ" ಎಂದಿರುತ್ತದೆ. ಪೊಲೀಸರು ಗುಂಪನ್ನು ಹೊಡೆದು ಚದುರಿಸಿದರೆ ಪತ್ರಿಕೆಯಲ್ಲಿ ಅದು "ಲಘು ಲಾಠಿ ಪ್ರಹಾರ". ಆ ಪ್ರಹಾರ ಲಘುವೋ ಗುರುವೋ ಎಂಬುದನ್ನು ಹೇಳಬೇಕಾದವನು ಪೆಟ್ಟು ತಿಂದವನಲ್ಲವೆ?

ಇಂತಹ ಮಾತಿನ ಬೆಲೆ ಎಷ್ಟಾಗಬಹುದೆಂಬುದನ್ನು 1943ರ ಬಂಗಾಳ ತೋರಿಸಿಕೊಟ್ಟಿತು. ಆಗ ಜಾರಿಯಲ್ಲಿದ್ದ ಕ್ಷಾಮಸಂಹಿತೆಯ ಪ್ರಕಾರ, ಕ್ಷಾಮವೆಂದು ಸಾರಿದ ಕೂಡಲೆ ಪರಿಹಾರದ ಏರ್ಪಾಡುಗಳನ್ನು ಕೈಗೊಳ್ಳುವುದು ಅಧಿಕಾರಿಗಳ ಕರ್ತವ್ಯ. ಜನ ಕಲ್ಕತ್ತೆಯ ಬೀದಿಗಳಲ್ಲಿ ಬಿದ್ದು ಸಾಯುತ್ತಿದ್ದರೂ ಸರ್ಕಾರ ಆ ಸಂಹಿತೆಯಂತೆ ಕ್ಷಾಮವನ್ನು ಘೋಷಿಸಲೇ ಇಲ್ಲ. ಆಹಾರದ ಅಭಾವ, ಸರಬರಾಜಿನ ತೊಂದರೆ ಎಂಬ ಮಾತುಗಳಲ್ಲಿಯೇ ಕಾಲ ಕಳೆಯಿತು. ಆ ವರ್ಷದ ಆಗಸ್ಟ್ ತಿಂಗಳಲ್ಲಿ ಅಲ್ಲಿನ "ಸ್ಟೇಟ್ಸ್‌ಮನ್" ಪತ್ರಿಕೆ ಬೀದಿಯಲ್ಲಿ ಬಿದ್ದಿದ್ದವರ ಛಾಯಾಚಿತ್ರಗಳನ್ನು ಅಚ್ಚುಮಾಡಿದ ಮೇಲೆ ಹೊರಗಿನ ಲೋಕಕ್ಕೆ ನಿಜಸ್ಥಿತಿ ಕಂಡಿತು. ಸತ್ತವರು ಸುಮಾರು 15 ಲಕ್ಷವೆಂದು 1945ರ ವಿಚಾರಣಾ ಮಂಡಲಿ ಅಂದಾಜು ಮಾಡಿತು. ಮುಂದಿನ ವಿದ್ವಾಂಸರು ಅದಕ್ಕಿಂತ ಹೆಚ್ಚೆಂದು ಎಣಿಸಿದ್ದಾರೆ. ಅವರೆಲ್ಲರೂ ಒಂದು ಪದದ ದೆಸೆಯಿಂದಲೇ ಸತ್ತರೆಂದಲ್ಲ. ಆದರೆ ಆಡಬೇಕಾದ ಪದವನ್ನು ಆಡದಿದ್ದುದರಿಂದ, ಮಾಡಬೇಕಾದ ಕೆಲಸವನ್ನು ಮಾಡದಿರಲು ದಾರಿಯಾಯಿತು.

ಹಾಗಾದರೆ ಮೃದುವಾದ ಮಾತನ್ನು ಬಿಟ್ಟು ಎಲ್ಲವನ್ನೂ ಒರಟಾಗಿ ಆಡಬೇಕೆ? ಬೇಡ. ನೇರ ಮಾತೆಂಬ ಹೆಸರಿನಿಂದ ಪರರ ಮನಸ್ಸನ್ನು ಚುಚ್ಚುವವರು ಸತ್ಯಕ್ಕೆ ಯಾವ ಉಪಕಾರವನ್ನೂ ಮಾಡುವುದಿಲ್ಲ. ಆಡುವ ಮುನ್ನ ಎರಡು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು. ಈ ಮಾತು ಯಾರನ್ನು ಕಾಯುತ್ತದೆ? ನೊಂದವರನ್ನು ಕಾಯುವುದಾದರೆ ಅದು ಸೌಜನ್ಯ. ನೋಯಿಸಿದವರನ್ನು ಕಾಯುವುದಾದರೆ ಅದು ವಂಚನೆ. ಎರಡನೆಯದು, ಈ ಹೆಸರನ್ನು ಹೊರತಕ್ಕವರು ಇದನ್ನು ಒಪ್ಪಿದ್ದಾರೆಯೆ? ಒಪ್ಪಿದ್ದರೆ ನಮ್ಮ ಕಿವಿಗೆ ಅದು ಒರಟಾಗಿ ಕೇಳಿದರೂ ಅದೇ ಸರಿಯಾದ ಹೆಸರು; ಒಪ್ಪದಿದ್ದರೆ ಎಷ್ಟು ಸಿಹಿಯಾಗಿದ್ದರೂ ಅದು ನಾವು ಹೊರಿಸಿದ ಹೊರೆ.

ದುಃಖದ ಮನೆಯಲ್ಲಿ "ತೀರಿಕೊಂಡರು" ಎಂದೇ ಹೇಳೋಣ. ದೀಪವನ್ನು ಶಾಂತವೇ ಮಾಡೋಣ. ಹಸಿವನ್ನು ಹಸಿವೆಂದೂ, ಲಂಚವನ್ನು ಲಂಚವೆಂದೂ, ಪೆಟ್ಟನ್ನು ಪೆಟ್ಟೆಂದೂ ಕರೆಯಲು ಹಿಂಜರಿಯದಿರೋಣ.