ಆಷಾಢ ಬಂತು, ಆಲ್ಬಮ್ ಆರಿಸಿ

ಮದುವೆ ಎರಡು ದಿನಕ್ಕೆ ಮುಗಿಯುತ್ತದೆ. ಅದರ ಆಲ್ಬಮ್ ಮುಗಿಯಲು ಆರು ತಿಂಗಳಾದರೂ ಆದೀತು, ವರ್ಷವಾದರೂ ಆದೀತು. ಮಗುವಿನ ನಾಮಕರಣಕ್ಕೆ ಅದೇ ಫೋಟೊಗ್ರಾಫರನ್ನು ಕರೆದು, ‘ಹಂಗೇ ಮದುವೆ ಆಲ್ಬಮ್ಮೂ ಒಂದು ಮುಗಿಸಿಬಿಡ್ರಿ’ ಎನ್ನುವ ಮನೆಗಳು ಯಾವ ಊರಲ್ಲಿಲ್ಲ? ತಡ ಯಾರದು ಎಂದರೆ ನೆಂಟರೆಲ್ಲ ಸ್ಟುಡಿಯೊ ಕಡೆ ಬೆರಳು ತೋರಿಸುತ್ತಾರೆ. ಸ್ಟುಡಿಯೊದವರನ್ನು ಕೇಳಿದರೆ ಸಿಗುವ ಉತ್ತರ ಬೇರೆ: ‘ಫೋಟೊ ಆರಿಸಿ ಕೊಟ್ಟಿಲ್ರಿ.’

ಆ ಆರಿಸುವಿಕೆಯನ್ನು ಯಾರ ಮನಸ್ಸೂ ನೋಯದಂತೆ ಮುಗಿಸಿಕೊಳ್ಳುವುದು ಮದುವೆ ಫೋಟೊಗ್ರಾಫರನ ಕಸುಬಿನಲ್ಲಿ ಹೊರಗೆ ಕಾಣದ ಅರ್ಧ. ಬೆಳಕು, ಲೆನ್ಸು, ಡ್ರೋನು ಎಲ್ಲವನ್ನೂ ದುಡ್ಡು ಕೊಟ್ಟು ತರಬಹುದು, ಇದನ್ನು ತರಲಾಗದು. ದಾವಣಗೆರೆಯಿಂದ ಚಿತ್ರದುರ್ಗದ ಕಡೆ ಹೆದ್ದಾರಿ ಹಿಡಿದರೆ ಸಿಗುವ ಆನಗೋಡಿನಂಥ ಹೋಬಳಿ ಊರಿನಲ್ಲಿ ಈ ಅರ್ಧಕ್ಕೆ ಇನ್ನೂ ತೂಕ ಹೆಚ್ಚು. ಇಲ್ಲಿ ಗಿರಾಕಿ ಎಂದರೆ ಅಪರಿಚಿತನಲ್ಲ. ಸಂತೆಯಲ್ಲಿ ಸಿಗುವವನು, ನಾಳೆ ತಮ್ಮನ ಮದುವೆಗೂ ಹೇಳಬೇಕಾದವನು. ಅವನ ಮೇಲೆ ರೇಗುವಂತಿಲ್ಲ, ಅವನನ್ನು ಮರೆಯುವಂತೆಯೂ ಇಲ್ಲ.

ರೀಲಿನ ಕಾಲದಲ್ಲಿ ಈ ತಾಪತ್ರಯ ಇರಲಿಲ್ಲ. ಒಂದು ರೋಲಿಗೆ 36 ಫೋಟೊ. ಮದುವೆಗೆ ಐದಾರು ರೋಲು ಎಂದು ಮಾತಾದರೆ ಇನ್ನೂರರ ಆಸುಪಾಸು. ಒಂದೊಂದು ಕ್ಲಿಕ್ಕಿಗೂ ಖರ್ಚಿದ್ದುದರಿಂದ ಯಾರದನ್ನು ತೆಗೆಯಬೇಕು, ಯಾರದನ್ನು ಬಿಡಬೇಕು ಎಂಬುದು ಗುಂಡಿ ಒತ್ತುವ ಮೊದಲೇ ತೀರ್ಮಾನವಾಗಿರುತ್ತಿತ್ತು. ಲ್ಯಾಬಿನಿಂದ ಬಂದ ಪ್ರಿಂಟುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಆಲ್ಬಮ್ಮಿನ ಪ್ಲಾಸ್ಟಿಕ್ ಜೇಬಿಗೆ ಸೇರುತ್ತಿದ್ದವು. ಡಿಜಿಟಲ್ ಬಂದ ಮೇಲೆ ಕ್ಲಿಕ್ಕಿಗೆ ಬೆಲೆ ಇಲ್ಲವಾಯಿತು. ಅರಿಶಿನ, ಧಾರೆ, ಆರತಕ್ಷತೆ ಸೇರಿ ಮೂರು ಸಾವಿರ ಫೋಟೊ ಎಂದರೆ ಇವತ್ತು ದೊಡ್ಡ ಸಂಖ್ಯೆಯಲ್ಲ. ಕುಂದವಾಡ ಕೆರೆಯ ದಂಡೆಯಲ್ಲೋ ಗಾಜಿನ ಮನೆಯ ಮುಂದೋ ತೆಗೆಸಿಕೊಂಡ ಪ್ರೀ ವೆಡ್ಡಿಂಗ್ ಫೋಟೊಗಳು ಬೇರೆ. ಆರಿಸುವ ಕೆಲಸ ಕ್ಯಾಮೆರಾದ ಹಿಂದಿನಿಂದ ಎದ್ದು ಮನೆಯ ಪಡಸಾಲೆಗೆ ಬಂತು. ಅಲ್ಲಿ ಬಂದು ಕೂತೇಬಿಟ್ಟಿತು.

ಹಾಗಾದರೆ ಎಷ್ಟು ಆರಿಸಬೇಕು? ನಮ್ಮ ಕಡೆ ಹೆಚ್ಚು ಓಡುವ ಕರಿಷ್ಮಾ ಆಲ್ಬಮ್ಮಿನ ಒಂದು ಶೀಟು ಬಿಚ್ಚಿದಾಗ 36 ಇಂಚು ಅಗಲ, 12 ಇಂಚು ಎತ್ತರ. 40 ಶೀಟಿನ ಆಲ್ಬಮ್ ಎಂದಿಟ್ಟುಕೊಳ್ಳಿ. ಶೀಟಿಗೆ ಐದು ಫೋಟೊ ಹಿಡಿದರೆ ಇನ್ನೂರು. ಅಂದರೆ ಮೂರು ಸಾವಿರದಲ್ಲಿ ಎರಡು ಸಾವಿರದ ಎಂಟುನೂರನ್ನು ಬೇಡ ಎನ್ನಬೇಕು. ಬೇಡ ಎನ್ನಬೇಕಾದ್ದು ಬರೀ ಫೋಟೊಗಳನ್ನಲ್ಲ, ಅವುಗಳಲ್ಲಿ ನಿಂತ ಅತ್ತೆ, ಮಾವ, ಸೋದರಮಾವ, ಬೀಗರ ಕಡೆಯ ಹಿರಿಯರು, ಮುಯ್ಯಿ ಕೊಟ್ಟು ಕ್ಯಾಮೆರಾ ಕಡೆ ತಿರುಗಿ ನಿಂತ ಊರಿನವರನ್ನು. ಯಾರ ಮುಖ ದೊಡ್ಡದಾಗಿ ಬರಬೇಕು, ಯಾರದು ಮೂಲೆಯಲ್ಲಿ ಸಾಕು ಎಂಬುದರಲ್ಲಿ ಎರಡು ಮನೆತನಗಳ ಮರ್ಯಾದೆ ಇದೆ. ‘ನಾಳೆ ನೋಡಾಣ’ ಎನ್ನುವುದು ಸೋಮಾರಿತನದಿಂದ ಬರುವ ಮಾತಲ್ಲ, ಜಗಳ ಬೇಡವೆಂದು ಬರುವ ಮಾತು.

ಪಳಗಿದ ಫೋಟೊಗ್ರಾಫರು ತಡ ಎಂಬ ಒಂದೇ ಕಾಯಿಲೆಗೆ ಒಂದೇ ಮದ್ದು ಕೊಡುವುದಿಲ್ಲ. ತಡದ ಕಾರಣ ಮೊದಲು ಪತ್ತೆ ಮಾಡುತ್ತಾರೆ. ಮದುಮಗಳು ಗಂಡನ ಜೊತೆ ಬೆಂಗಳೂರಿಗೆ ಹೋಗಿದ್ದಾಳೆ, ಅಪ್ಪ ಅವ್ವ ಊರಲ್ಲಿದ್ದಾರೆ, ಒಟ್ಟಿಗೆ ಕೂರುವ ಹೊತ್ತು ಸಿಕ್ಕಿಲ್ಲ: ಇದೊಂದು ಬಗೆ. ಮಗಳಿಗೆ ಯಾರಿಗೂ ಗೊತ್ತಾಗದಂತೆ ತೆಗೆದ ಕ್ಯಾಂಡಿಡ್ ಫೋಟೊ ಬೇಕು, ಅಪ್ಪನಿಗೆ ವೇದಿಕೆ ಮೇಲೆ ಸಾಲಾಗಿ ನಿಂತವು ಬೇಕು: ಇನ್ನೊಂದು ಬಗೆ. ಮೂರನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮದುವೆಗೆ ಕೈ ಖಾಲಿಯಾಗಿದೆ, ಆಲ್ಬಮ್ ಮುಗಿದರೆ ಬಾಕಿ ಕೊಡಬೇಕು. ಮೆಕ್ಕೆಜೋಳ ಇನ್ನೂ ಹೊಲದಲ್ಲಿದೆ. ಅಂಥ ಮನೆಗೆ ದಿನಾ ಫೋನು ಮಾಡಿ ‘ಫೋಟೊ ಆರಿಸಿದ್ರಾ’ ಎಂದರೆ ಅವರು ಫೋನು ಎತ್ತುವುದನ್ನೇ ಬಿಡುತ್ತಾರೆ. ಬಲ್ಲವನು ಬೇರೆ ರೀತಿ ಹೇಳುತ್ತಾನೆ: ‘ಯಜಮಾನ್ರೆ, ಆರಿಸೋದು ಈಗ ಮುಗಿಸಾಣ, ಪ್ರಿಂಟಿಗೆ ಸುಗ್ಗಿ ಆದಮ್ಯಾಲೆ ಕಳಿಸಾಣ.’ ಹಣದ ಮಾತು ಎತ್ತದೆಯೇ ಹಣದ ಮುಜುಗರ ಕಳೆದಹಾಗಾಯಿತು. ಆಯ್ಕೆ ಒಂದು ಕಡೆಯಾಯಿತು, ಬಾಕಿ ಇನ್ನೊಂದು ಕಡೆಯಾಯಿತು.

ಇನ್ನು ಕೈಕೆಲಸಕ್ಕೆ ಬರೋಣ. ಇದರ ತಯಾರಿ ಮದುವೆಗೆ ಮೊದಲೇ ಶುರುವಾಗುತ್ತದೆ. ಎರಡು ಕ್ಯಾಮೆರಾ ಇದ್ದರೆ ಎರಡರ ಗಡಿಯಾರವನ್ನೂ ಒಂದೇ ಸಮಯಕ್ಕೆ ಕೂಡಿಸಿಕೊಳ್ಳಬೇಕು. ಇಲ್ಲವಾದರೆ ಕಂಪ್ಯೂಟರಿಗೆ ಹಾಕಿದಾಗ ತಾಳಿ ಕಟ್ಟಿದ ಮೇಲೆ ಬಾಸಿಂಗ ಕಟ್ಟುವ ಫೋಟೊ ಬಂದು ನಿಲ್ಲುತ್ತದೆ. ಕ್ಯಾಮೆರಾ ಕೊಡುವ ನಂಬರನ್ನೂ ನಂಬುವಂತಿಲ್ಲ. ಅದು 9999 ಮುಟ್ಟಿದ ಮೇಲೆ ಮತ್ತೆ ಒಂದರಿಂದ ಎಣಿಸುತ್ತದೆ, ಎರಡು ಕ್ಯಾಮೆರಾದಲ್ಲೂ 451ನೇ ಫೋಟೊ ಇರಬಹುದು. ‘451 ಹಾಕ್ರಿ’ ಎಂದು ಗಿರಾಕಿ ಹೇಳಿದರೆ ಯಾವ 451? ಅದಕ್ಕೇ ಸಮಯದ ಪ್ರಕಾರ ಎಲ್ಲವನ್ನೂ ಜೋಡಿಸಿ ಹೊಸದಾಗಿ ನಂಬರು ಹಾಕುತ್ತಾರೆ. ಗಿರಾಕಿಗೆ ಕೊಡುವ ಸಣ್ಣ ಪ್ರತಿಯ ಮೂಲೆಯಲ್ಲಿ ಆ ನಂಬರು ಕಣ್ಣಿಗೆ ಕಾಣುವಂತೆ ಅಚ್ಚಾಗಿರುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಕಳಿಸಿದಾಗ ಫೈಲಿನ ಹೆಸರು ಬದಲಾದರೂ ಮೂಲೆಯಲ್ಲಿ ಅಚ್ಚಾದದ್ದು ಎಲ್ಲಿಗೂ ಹೋಗುವುದಿಲ್ಲ. ಇಷ್ಟು ಸಣ್ಣ ಉಪಾಯದಿಂದ ಎಷ್ಟೋ ವಾರಗಳ ‘ಯಾವ್ದ್ರೀ ಅದು’ ಉಳಿಯುತ್ತದೆ.

ಮುಂದಿನದು ಕಡಿಮೆ ಮಾಡುವ ಕೆಲಸ. ಜವಳಿ ಅಂಗಡಿಯ ಜಾಣ ಗುಮಾಸ್ತ ಸೀರೆ ಗುಡ್ಡೆ ಹಾಕುವುದಿಲ್ಲ, ಗಿರಾಕಿಯ ಕಣ್ಣು ನಿಲ್ಲದ ಸೀರೆಯನ್ನು ಅವಳು ಹೇಳುವ ಮೊದಲೇ ಮಡಚಿ ಹಿಂದಕ್ಕೆ ಹಾಕುತ್ತಾನೆ. ಫೋಟೊಗ್ರಾಫರೂ ಹಾಗೆಯೇ. ಕಣ್ಣು ಮುಚ್ಚಿದವು, ಅಲುಗಿದವು, ಒಂದೇ ಗಳಿಗೆಯಲ್ಲಿ ಏಳು ಸಲ ತೆಗೆದವುಗಳಲ್ಲಿ ಆರು, ಇವೆಲ್ಲ ಮನೆಯವರ ಕಣ್ಣಿಗೆ ಬೀಳುವ ಮುಂಚೆಯೇ ಬೇರೆ ಫೋಲ್ಡರಿಗೆ ಹೋಗುತ್ತವೆ. ಅಳಿಸುವುದಿಲ್ಲ, ಎತ್ತಿಡುತ್ತಾರೆ. ಉಳಿದವನ್ನು ಶಾಸ್ತ್ರದ ಪ್ರಕಾರ ಭಾಗ ಮಾಡುತ್ತಾರೆ: ಹಂದರ, ಅರಿಶಿನ, ಸುರಗಿ, ಧಾರೆ, ಆರತಕ್ಷತೆ. ಒಂದೊಂದು ಶಾಸ್ತ್ರದಿಂದ ಇಷ್ಟಿಷ್ಟೇ ಎಂದು ಲೆಕ್ಕ ಹೇಳುತ್ತಾರೆ. ‘ಇನ್ನೂರು ಆರಿಸಿ’ ಎಂದರೆ ಯಾರಿಗೂ ಕೈ ಬರುವುದಿಲ್ಲ. ‘ಅರಿಶಿನದ್ದು ಇಪ್ಪತ್ತು ಕೊಡ್ರಿ’ ಎಂದರೆ ಒಲೆ ಮೇಲೆ ಅನ್ನ ಬೇಯುವಷ್ಟರಲ್ಲಿ ಮುಗಿಯುತ್ತದೆ.

ಇಷ್ಟಾದರೂ ಕೂತು ಆರಿಸದ ಮನೆಗಳಿರುತ್ತವೆ. ಈ ಕಸುಬಿನಲ್ಲಿ ನಾನು ತುಂಬ ಮೆಚ್ಚಿದ ಜಾಣತನ ಅಲ್ಲಿಗೆ ಬರುವಂಥದ್ದು. ಫೋಟೊಗ್ರಾಫರು ತಾವೇ ಇನ್ನೂರು ಆರಿಸಿ, ಕರಡು ಶೀಟು ಮಾಡಿ, ಕಂಪ್ಯೂಟರಿನ ಮುಂದೆ ಮನೆಯವರನ್ನು ಕೂರಿಸುತ್ತಾರೆ. ಕೇಳುವ ಪ್ರಶ್ನೆ ‘ಯಾವುದು ಬೇಕು’ ಎಂದಲ್ಲ, ‘ಯಾರು ಬಿಟ್ಟುಹೋಗಿದಾರ ನೋಡ್ರಿ’ ಎಂದು. ಮೂರು ಸಾವಿರ ಫೋಟೊ ಮುಂದೆ ಸುಮ್ಮನಿದ್ದ ತಾಯಿಗೆ ಈಗ ಮಾತು ಬರುತ್ತದೆ. ‘ನಮ್ಮಣ್ಣ ಎಲ್ಲಿ? ಸೋದರಮಾವ ಇಲ್ದ ಧಾರೆ ಶೀಟು ಅಂದ್ರ ಹೆಂಗ್ರಿ?’ ಅಣ್ಣ ಬರುತ್ತಾನೆ. ‘ಇದ್ರಾಗ ನನ್ನ ಬಾಯಿ ನೋಡಿ’ ಎಂದು ಮದುಮಗಳು ನಗುತ್ತಾಳೆ. ಆ ಫೋಟೊ ಹೋಗುತ್ತದೆ. ಒಂದೇ ಕೂರಿಕೆಯಲ್ಲಿ ಆಲ್ಬಮ್ ಇತ್ಯರ್ಥ. ಆರಿಸಲು ಬಾರದವರಿಗೂ ತಪ್ಪು ಹಿಡಿಯಲು ಬರುತ್ತದೆ ಎಂಬುದನ್ನು ಫೋಟೊಗ್ರಾಫರು ಯಾವ ಪುಸ್ತಕದಲ್ಲೂ ಓದಿದ್ದಲ್ಲ, ಗಿರಾಕಿಗಳ ಜೊತೆ ಏಗಿ ಕಲಿತದ್ದು.

ಕರಡು ಶೀಟನ್ನು ಹತ್ತಿರದಿಂದ ನೋಡಿದರೆ ಇನ್ನಷ್ಟು ಕಾಣುತ್ತದೆ. ನಡುವೆ ಶೀಟು ಮಡಚುವ ಗೆರೆ ಇದೆ. ಆ ಗೆರೆಯ ಮೇಲೆ ಯಾರ ಮುಖವೂ ಬರಕೂಡದು, ಬಂದರೆ ಮಡಿಕೆ ಮೂಗಿನ ಮೇಲೆ ಹಾಯುತ್ತದೆ. ಅಂಚಿನಲ್ಲಿ ಕತ್ತರಿಗೆ ಹೋಗುವಷ್ಟು ಜಾಗ ಬಿಟ್ಟಿರಬೇಕು. ಧಾರೆಯ ಶೀಟಿನಲ್ಲಿ ಒಂದು ದೊಡ್ಡದು, ಪಕ್ಕದಲ್ಲಿ ಮೂರು ಸಣ್ಣವು. ಆರತಕ್ಷತೆಯ ಶೀಟಿನಲ್ಲಿ ವೇದಿಕೆ ಹತ್ತಿದವರ ಸಾಲು, ಒಂದೇ ಅಳತೆಯ ಹನ್ನೆರಡು ಚೌಕಗಳು. ಅಳತೆ ಒಂದೇ ಆದ್ದರಿಂದ ಯಾರು ಹೆಚ್ಚು, ಯಾರು ಕಡಿಮೆ ಎಂಬ ಮಾತೇ ಏಳುವುದಿಲ್ಲ. ಅಪ್ಪನಿಗೆ ಬೇಕಾದವರೆಲ್ಲ ಅಲ್ಲಿ ಬಂದರು, ಮಗಳ ಕ್ಯಾಂಡಿಡ್‌ಗೆ ಮೊದಲ ಹಾಳೆಗಳು ಉಳಿದವು. ಪಂಚಾಯ್ತಿ ಕೂರಿಸದೆ ನ್ಯಾಯ ಹೇಳಿದಂತಾಯಿತು.

ಇದಕ್ಕೆಲ್ಲ ಹೊತ್ತು ಯಾವುದು? ಪಂಚಾಂಗ ನೋಡುವುದರಲ್ಲಿ ಫೋಟೊಗ್ರಾಫರು ಪುರೋಹಿತರಿಗಿಂತ ಹಿಂದಿಲ್ಲ. ಬೇಸಿಗೆಯ ಮುಹೂರ್ತಗಳು ಮುಗಿದು ಆಷಾಢ ಬಂದರೆ ಮದುವೆಗಳು ನಿಲ್ಲುತ್ತವೆ, ಕ್ಯಾಮೆರಾಕ್ಕೆ ಬಿಡುವು. ಅದೇ ತಿಂಗಳು ಹೊಸ ಮದುಮಗಳು ತವರಿಗೆ ಬರುತ್ತಾಳೆ. ಅವಳು, ಅವಳ ಅವ್ವ, ಚಿಕ್ಕಮ್ಮ, ತಂಗಿ ಒಂದೇ ಸೂರಿನಡಿ ಇರುವ ದಿನಗಳು ಅವು. ಗಂಡನ ಮನೆಯವರು ಆರಿಸಬೇಕಾದದ್ದನ್ನು ಆಮೇಲೆ ತೋರಿಸಿದರಾಯಿತು. ಆಷಾಢ ತಪ್ಪಿದರೆ ಪಂಚಮಿ ಇದೆ. ಉಂಡೆ ಕಟ್ಟಿ, ಜೋಕಾಲಿ ಹಾಕಿ ಹೆಣ್ಣುಮಕ್ಕಳನ್ನು ಕರೆಸುವ ಹಬ್ಬದಲ್ಲಿ ಆಲ್ಬಮ್ ಮಾತು ತಾನಾಗಿ ಬರುತ್ತದೆ. ಆಗಸ್ಟ್ 19ರ ವಿಶ್ವ ಛಾಯಾಗ್ರಹಣ ದಿನವೂ ಇದರ ಆಸುಪಾಸಿಗೇ ಬೀಳುತ್ತದೆ. 1839ರಲ್ಲಿ ಅದೇ ದಿನ ಪ್ಯಾರಿಸ್ಸಿನಲ್ಲಿ ಡಾಗೇರ್‌ನ ಫೋಟೊ ತೆಗೆಯುವ ವಿಧಾನವನ್ನು ಜಗತ್ತಿಗೆ ಬಿಡಿಸಿ ಹೇಳಿದ್ದು. ನಮ್ಮ ಸ್ಟುಡಿಯೊದವನಿಗೆ ಅದು ಮುಂದಿನ ಮುಹೂರ್ತಗಳು ಜೋರಾಗುವ ಮುಂಚೆ ಹಳೆಯ ಬಾಕಿ ಮುಗಿಸಬೇಕೆಂಬ ನೆನಪೂ ಹೌದು.

ಬಾಕಿ ಎಂದರೆ ಹಣ ಒಂದೇ ಅಲ್ಲ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ (ಮೂಲ) ಫೈಲು 25ರಿಂದ 30 ಎಂಬಿ ತೂಗುತ್ತದೆ. ಮೂರು ಸಾವಿರ ಎಂದರೆ 75ರಿಂದ 90 ಜಿಬಿ. ಒಂದು ಡಿಸ್ಕು ಕೆಟ್ಟರೆ ಎಂದು ಇನ್ನೊಂದು ಪ್ರತಿ ಇಟ್ಟರೆ ಅದರ ಎರಡರಷ್ಟು. ಇಂಥ ಹತ್ತು ಮದುವೆ ಅರ್ಧಕ್ಕೆ ನಿಂತರೆ ಡಿಸ್ಕುಗಳ ಕಪಾಟೇ ಒಂದು ಖರ್ಚು. ಆದ್ದರಿಂದ ಒಳ್ಳೆಯ ಸ್ಟುಡಿಯೊಗಳು ಮುಂಗಡ ತೆಗೆದುಕೊಳ್ಳುವಾಗಲೇ ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತವೆ: ಆರಿಸಲು ಎಷ್ಟು ದಿನ, ಎಷ್ಟು ಸಲ ತಿದ್ದುಪಡಿ, ಫೈಲು ಎಷ್ಟು ಕಾಲ ಇಡುವುದು, ತಡವಾದರೆ ಶೀಟಿನ ದರ ಯಾವುದು. ಎಲ್ಲಕ್ಕಿಂತ ಮುಖ್ಯ, ಮನೆಯ ಪರವಾಗಿ ಕೊನೆಯ ಮಾತು ಹೇಳುವವರು ಯಾರು.

ಗಿರಾಕಿಯೂ ತಿಳಿದಿರಬೇಕಾದ ಒಂದು ಸಂಗತಿ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದ ಫೋಟೊದ ಮೊದಲ ಹಕ್ಕು ತೆಗೆಸಿದವರದು. ಫೋಟೊ ನಿಮ್ಮದೇ. ಹಾಗೆಂದು ಅದನ್ನು ಕೊನೆವರೆಗೂ ಕಾಯುವ ಹೊಣೆ ಸ್ಟುಡಿಯೊದ್ದೆಂದು ತಿಳಿಯಬಾರದು. ಆದರೂ ಹಳಬರು ಸುಲಭಕ್ಕೆ ಅಳಿಸುವುದಿಲ್ಲ. ಮದುವೆಯಾಗಿ ಎರಡು ವರ್ಷಕ್ಕೆ ಫೋನು ಬರುತ್ತದೆ, ಅಜ್ಜ ಹೋಗಿಬಿಟ್ಟರು, ಗೋಡೆಗೆ ಹಾಕಲು ಒಂದು ಫೋಟೊ ಬೇಕು ಎಂದು. ಹುಡುಕಿದರೆ ಅಜ್ಜ ಹೊಸ ಪಂಚೆ, ರುಮಾಲಿನಲ್ಲಿ ನೆಟ್ಟಗೆ ಕೂತದ್ದು ಆ ಮದುವೆಯಲ್ಲೇ. ಎತ್ತಿಟ್ಟ ಫೋಲ್ಡರು ಆಗ ಕೆಲಸಕ್ಕೆ ಬರುತ್ತದೆ.

ಇಷ್ಟೊಂದು ತಾಳ್ಮೆ ಬರೀ ಒಳ್ಳೆಯತನವೇ? ಅಲ್ಲ, ವ್ಯಾಪಾರವೂ ಹೌದು. ಆನಗೋಡಿನ ಸುತ್ತ ಮುಂದಿನ ಮದುವೆಯ ಆರ್ಡರು ಬೋರ್ಡು ನೋಡಿ ಬರುವುದು ಕಡಿಮೆ. ಹೆಣ್ಣು ನೋಡಲೋ ಹಬ್ಬಕ್ಕೋ ಬಂದ ನೆಂಟರ ತೊಡೆಯ ಮೇಲೆ ಆಲ್ಬಮ್ ತೆರೆದುಕೊಳ್ಳುತ್ತದೆ, ‘ಯಾರ ಹತ್ರ ತೆಗೆಸಿದ್ರಿ?’ ಎಂಬ ಮಾತು ಬರುತ್ತದೆ, ನಂಬರು ಕೈ ದಾಟುತ್ತದೆ. ಹಾರ್ಡ್ ಡಿಸ್ಕಿನಲ್ಲಿ ಮಲಗಿದ ಮದುವೆಯಿಂದ ಯಾವ ಆರ್ಡರೂ ಹುಟ್ಟುವುದಿಲ್ಲ. ಹಾಗಾಗಿ ಗಿರಾಕಿಯಿಂದ ಇನ್ನೂರು ಫೋಟೊ ಆರಿಸಿಕೊಳ್ಳಲು ಫೋಟೊಗ್ರಾಫರು ಪಡುವ ಪಾಡು ಮುಗಿದ ಮದುವೆಯ ಉಳಿಕೆ ಕೆಲಸವಲ್ಲ, ಮುಂದಿನ ಮದುವೆಯ ಮೊದಲ ಕೆಲಸ.