90ರ ಸ್ಪೀಡಲ್ಲಿ ಸ್ಟಿಯರಿಂಗ್ ನಡುಗುತ್ತಾ? ಪಾರ್ಟ್ ಬದಲಿಸೋ ಮುಂಚೆ ಇದನ್ನು ನೋಡಿ

ವಿಡಿಯೋ ಪೂರ್ತಿ ನೋಡೋಕೆ ಟೈಮ್ ಇಲ್ಲ ಅನ್ನೋರಿಗೆ ಎಂದಿನಂತೆ ಇಲ್ಲಿ ಬರಹ ರೂಪ.

ಪುಣೆ, ಮುಂಬೈ ಕಡೆ ಕೆಲಸಕ್ಕಿರೋ ನಮ್ಮವರು ಲಾಂಗ್ ವೀಕೆಂಡ್ ಸಿಕ್ಕಿದರೆ ಕಾರ್ ತಗೊಂಡು ಅಜಂತಾಕ್ಕೆ ಹೊರಡ್ತಾರೆ. ಛತ್ರಪತಿ ಸಂಭಾಜಿನಗರದಿಂದ ಗುಹೆಗಳಿಗೆ ಸುಮಾರು 100 ಕಿಮೀ. ಫುಲಂಬ್ರಿ ದಾಟಿದ ಮೇಲೆ ಸಿಗೋ ದೊಡ್ಡ ಊರು ಸಿಲ್ಲೋಡ್. ಪಕ್ಕದ ತಾಲ್ಲೂಕಿನ ಹೆಸರೇ ‘ಕನ್ನಡ’, ಹಾಗಾಗಿ ಬೋರ್ಡ್ ಕಂಡರೆ ನಾವು ಫೋಟೋ ತೆಗೆಯದೆ ಮುಂದೆ ಹೋಗಲ್ಲ. ಹತ್ತಿ, ಮೆಣಸಿನಕಾಯಿ ಬೆಳೆಯೋ ಕಪ್ಪು ನೆಲ. ನಮ್ಮ ಧಾರವಾಡ, ಗದಗದ ಎರೆ ಮಣ್ಣಿನ ಹಾಗೇ, ಮಳೆಗಾಲದಲ್ಲಿ ಕಾಲಿಟ್ಟರೆ ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತೆ.

ನನ್ನ ಕಥೆ ಶುರುವಾಗಿದ್ದು ಅಲ್ಲೇ. ಸಿಲ್ಲೋಡ್ ಹತ್ತಿರ ಬುತ್ತಿ ಬಿಚ್ಚೋಣ ಅಂತ ಹೊಲದ ಪಕ್ಕದ ಮಣ್ಣು ದಾರಿಗೆ ಕಾರು ಇಳಿಸಿದೆ. ಚಕ್ರ ಸ್ವಲ್ಪ ಹೂತುಕೊಂಡಿತು, ಹೇಗೋ ಎಬ್ಬಿಸಿದೆವು. ವಾಪಸ್ ಹೈವೇಯಲ್ಲಿ 80 ದಾಟಿದ ತಕ್ಷಣ ಸ್ಟಿಯರಿಂಗ್ ನಡುಗೋಕೆ ಶುರು. ಪುಣೆಗೆ ಬಂದು ಒಂದು ಅಂಗಡಿಯಲ್ಲಿ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಎರಡೂ ಮಾಡಿಸಿದೆ. ಎರಡು ದಿನ ಸರಿ ಇತ್ತು. ಮೂರನೇ ದಿನ ಮತ್ತೆ ಅದೇ ನಡುಕ. ಈ ಸಲ ಅವರು ಹೇಳಿದ್ದು: ‘ಟೈರ್ ನಾಲ್ಕೂ ಬದಲಿಸಿ, ಲೋವರ್ ಆರ್ಮೂ ಹೋಗಿರಬೇಕು.’

ಆಫೀಸಲ್ಲಿ ಬಗ್ ಬಂದರೆ ನಾವು ಮೊದಲು ಸರ್ವರ್ ಬದಲಿಸ್ತೀವಾ? ಇಲ್ಲ. ಲಾಗ್ ನೋಡ್ತೀವಿ, ಯಾವ ಕಂಡಿಷನ್‌ನಲ್ಲಿ ಬರುತ್ತೆ ಅಂತ ಹಿಡೀತೀವಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡ್ತೀವಿ. ಕಾರಿಗೂ ಅಷ್ಟೇ.

ಮೊದಲು: ಯಾವಾಗ ಗಾಡಿ ನಿಲ್ಲಿಸಲೇಬೇಕು

ನಡುಕ ಇದ್ದಕ್ಕಿದ್ದಂತೆ ಶುರುವಾಗಿ ಹೆಚ್ಚುತ್ತಾ ಹೋದರೆ ಪಕ್ಕಕ್ಕೆ ಹಾಕಿ. ವೀಲ್ ನಟ್ ಸಡಿಲ ಇದೆಯಾ, ಟೈರ್ ಬದಿಯಲ್ಲಿ ಗುಳ್ಳೆ ಎದ್ದಿದೆಯಾ, ಮೇಲ್ಪದರ ಉಬ್ಬಿದೆಯಾ ನೋಡಿ. ಇವುಗಳಲ್ಲಿ ಒಂದು ಕಂಡರೂ ಆ ಚಕ್ರದ ಮೇಲೆ ಹೈವೇ ಪ್ರಯಾಣ ಬೇಡ. ಮನೆಯವರೆಲ್ಲ ಕೂತಿರೋ ಗಾಡಿಯಲ್ಲಿ ‘ಊರು ಮುಟ್ಟಿದ ಮೇಲೆ ನೋಡೋಣ’ ಅನ್ನಬೇಡಿ. ಕೆಳಗಿನ ಡಯಾಗ್ನೋಸಿಸ್ ಎಲ್ಲ ಇದು ಪಾಸಾದ ಮೇಲೆ.

ಯಾವಾಗ ನಡುಗುತ್ತೆ?

ಒಂದು ಸ್ಪೀಡಲ್ಲಿ ಮಾತ್ರ, ಸಾಮಾನ್ಯವಾಗಿ 80ರಿಂದ 110ರ ಒಳಗೆ, ಬ್ರೇಕ್ ಮುಟ್ಟದೇ ಇದ್ದಾಗಲೂ ನಡುಗಿದರೆ ಅನುಮಾನ ಚಕ್ರದ ಮೇಲೆ: ಬ್ಯಾಲೆನ್ಸ್, ರಿಮ್ ಬೆಂಡ್, ಟೈರ್ ದುಂಡಗಿಲ್ಲದಿರೋದು.

ಬ್ರೇಕ್ ಒತ್ತಿದಾಗ ಮಾತ್ರ ಬಂದರೆ ಮುಂದಿನ ಡಿಸ್ಕ್. ಅಜಂತಾ ಊರಿಂದ ಫರ್ದಾಪುರಕ್ಕೆ ಇಳಿಯೋ ಘಾಟಿಯಂಥ ಕಡೆ ಬ್ರೇಕ್ ಮೇಲೇ ಕಾಲಿಟ್ಟು ಇಳಿದರೆ ಡಿಸ್ಕ್ ತುಂಬಾ ಕಾಯುತ್ತೆ. ಪ್ಯಾಡಿನ ಪದರ ಅಲ್ಲಲ್ಲಿ ಅಂಟಿ, ಸವೆತವೂ ಏರುಪೇರಾಗಿ ದಪ್ಪ ಒಂದೇ ಸಮ ಇರಲ್ಲ. ಘಾಟಿ ಇಳಿಯುವಾಗ ಗೇರ್ ಕಡಿಮೆ ಮಾಡಿ ಅಂತ ಹಿರಿಯರು ಹೇಳೋದು ಇದಕ್ಕೇ.

ಆಕ್ಸಿಲರೇಟರ್ ಒತ್ತಿದಾಗ ನಡುಗಿ, ಬಿಟ್ಟ ತಕ್ಷಣ ನಿಂತರೆ ಡ್ರೈವ್ ಶಾಫ್ಟಿನ ಒಳ ಜಾಯಿಂಟ್ ನೋಡಿಸಿ. ಗಾಡಿ ನಿಂತಿದ್ದಾಗ ನ್ಯೂಟ್ರಲ್‌ನಲ್ಲಿ ರೇಸ್ ಕೊಟ್ಟರೂ ನಡುಗಿದರೆ ಅದು ಎಂಜಿನ್ ಅಥವಾ ಅದರ ಮೌಂಟ್. ಚಕ್ರದ ತಂಟೆಗೇ ಹೋಗಬೇಡಿ.

ವರ್ಕ್ ಫ್ರಮ್ ಹೋಮ್ ಅಂತ ಮೂರು ವಾರ ಕಾರು ನಿಂತಲ್ಲೇ ನಿಂತಿದ್ದರೆ ಟೈರಿನ ಕೆಳಭಾಗ ಸ್ವಲ್ಪ ಚಪ್ಪಟೆಯಾಗಿರುತ್ತೆ. ಗಾಳಿ ಸರಿ ಇಟ್ಟು ಹತ್ತಿಪ್ಪತ್ತು ಕಿಮೀ ಓಡಿಸಿ ಟೈರ್ ಬಿಸಿಯಾದ ಮೇಲೆ ಸಾಮಾನ್ಯವಾಗಿ ತಾನೇ ಹೋಗುತ್ತೆ.

40ರಲ್ಲಿ ಇಲ್ಲ, 90ರಲ್ಲಿ ಯಾಕೆ?

ಸ್ವಲ್ಪ ಲೆಕ್ಕ. 185/65 ಆರ್15 ಟೈರಿನ ಸುತ್ತಳತೆ ಸುಮಾರು 1.95 ಮೀಟರ್. 90 ಕಿಮೀ ಅಂದರೆ ಸೆಕೆಂಡಿಗೆ 25 ಮೀಟರ್. ಚಕ್ರ ಸೆಕೆಂಡಿಗೆ ಸುಮಾರು 13 ಸುತ್ತು ಹಾಕುತ್ತೆ. ರಿಮ್ಮಿನ ಒಳಗೆ, ಕೇಂದ್ರದಿಂದ 17 ಸೆಂಮೀ ದೂರದಲ್ಲಿ 50 ಗ್ರಾಂ ಮಣ್ಣು ಅಂಟಿದೆ ಅಂದ್ಕೊಳ್ಳಿ. ಆ ಸ್ಪೀಡಲ್ಲಿ ಅದು ಚಕ್ರವನ್ನ ಎಳೆಯೋ ಬಲ ಸುಮಾರು 55 ನ್ಯೂಟನ್, ಅಂದರೆ ಐದೂವರೆ ಕೆಜಿ ತೂಕದಷ್ಟು. ಅದೂ ಸೆಕೆಂಡಿಗೆ 13 ಸಲ ದಿಕ್ಕು ಬದಲಿಸ್ತಾ. ಈ ಬಲ ವೇಗದ ವರ್ಗದಂತೆ ಏರುತ್ತೆ, ಹಾಗಾಗಿ 45ರಲ್ಲಿ ಕಾಲು ಭಾಗ ಮಾತ್ರ. ಜೊತೆಗೆ ಚಕ್ರ ಮತ್ತು ಸಸ್ಪೆನ್ಶನ್ನಿಗೂ ತನ್ನದೇ ಒಂದು ಸಹಜ ಲಯ ಇರುತ್ತೆ. ಹೆಚ್ಚಿನ ಕಾರುಗಳಲ್ಲಿ ಅದು ಸೆಕೆಂಡಿಗೆ 10ರಿಂದ 15. ಎರಡೂ ಒಂದಕ್ಕೊಂದು ತಾಳ ಕೂಡಿದಾಗ ನಡುಕ ಜೋರು. ಕೆಲವು ಕಾರು 120ರಲ್ಲಿ ಮತ್ತೆ ಶಾಂತ ಆಗೋದು ಇದಕ್ಕೇ. ಸ್ಪೀಡ್ ಏರಿಸಿದರೆ ರೋಗ ಹೋಯ್ತು ಅಂದ್ಕೋಬೇಡಿ, ಬಲ ಇನ್ನೂ ಹೆಚ್ಚಾಗಿರುತ್ತೆ.

ಮೊಬೈಲೇ ಮೀಟರ್

ಫೈಫಾಕ್ಸ್ ಅನ್ನೋ ಉಚಿತ ಆಪ್ ಇದೆ, ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದಲ್ಲಿ ಮಾಡಿದ್ದು. ಅದರಲ್ಲಿ ಆಕ್ಸಲರೇಶನ್ ಸ್ಪೆಕ್ಟ್ರಮ್ ತೆರೆದು, ಫೋನನ್ನ ಸೀಟಿನ ಕಬ್ಬಿಣದ ಹಳಿ ಪಕ್ಕ ನೆಲಕ್ಕೆ ಟೇಪಿನಿಂದ ಅಂಟಿಸಿ. ಡ್ಯಾಶ್‌ಬೋರ್ಡ್ ಹೋಲ್ಡರ್ ಬೇಡ, ಅದು ತಾನೇ ಕುಣಿಯುತ್ತೆ. ಓದೋ ಕೆಲಸ ಪಕ್ಕದಲ್ಲಿ ಕೂತವರದ್ದು, ಡ್ರೈವರ್ ಕಣ್ಣು ರಸ್ತೆ ಮೇಲೆ. 80ರಲ್ಲಿ 11ರ ಹತ್ತಿರ, 100ರಲ್ಲಿ 14ರ ಹತ್ತಿರ ಗ್ರಾಫಿನ ಶಿಖರ ಸರಿದರೆ ಚಕ್ರದ ಜೊತೆ ತಿರುಗೋ ವಸ್ತುವೇ ಕಾರಣ. ಎಂಜಿನ್ 2400 ಆರ್‌ಪಿಎಂನಲ್ಲಿ ಸೆಕೆಂಡಿಗೆ 40 ಸುತ್ತು, ಅದರ ಶಿಖರ ಬೇರೆ ಕಡೆ ಬರುತ್ತೆ. ನನ್ನ ಕಾರಿನದ್ದು ಸ್ಪೀಡ್ ಜೊತೆಗೇ ಸರಿಯಿತು. ಎಂಜಿನ್ ಲಿಸ್ಟಿಂದ ಔಟ್.

ಬೈಸೆಕ್ಟ್ ಮಾಡಿ

ಮುಂದಿನ ಎರಡು ಚಕ್ರ ಹಿಂದಕ್ಕೆ, ಹಿಂದಿನವು ಮುಂದಕ್ಕೆ ಹಾಕಿಸಿ. ಎಡದ್ದು ಎಡಕ್ಕೇ, ಬಲದ್ದು ಬಲಕ್ಕೇ ಇರಲಿ. ಸ್ಟಿಯರಿಂಗ್ ಶಾಂತವಾಗಿ, ನಡುಕ ಸೀಟಿಗೆ ಬಂದರೆ ತಪ್ಪು ಆ ಚಕ್ರಗಳಲ್ಲೇ. ಏನೂ ಬದಲಾಗಲಿಲ್ಲ ಅಂದರೆ ಹಬ್, ಡಿಸ್ಕ್, ಬುಷ್ ಕಡೆ ಹೋಗಿ. ನಂತರ ಒಂದೊಂದೇ ಚಕ್ರ ವಾಪಸ್ ಮುಂದಕ್ಕೆ ತಂದರೆ ಅಪರಾಧಿ ಯಾವುದು ಅಂತ ಗೊತ್ತಾಗುತ್ತೆ. ಸಣ್ಣ ಸ್ಟೆಪ್ನಿ ಇರೋ ಕಾರಲ್ಲಿ ಆ ಸ್ಟೆಪ್ನಿ ಹಾಕಿ ಈ ಟೆಸ್ಟ್ ಮಾಡಬೇಡಿ.

ನನ್ನ ನಡುಕ ಸೀಟಿಗೆ ಬಂತು. ಚಕ್ರ ಬಿಚ್ಚಿ ಒಳಮುಖ ನೋಡಿದರೆ ಸಿಲ್ಲೋಡಿನ ಎರೆ ಮಣ್ಣು ಸಿಮೆಂಟಿನ ಹಾಗೆ ಒಣಗಿ ಕೂತಿತ್ತು. ಕಾರ್ ತೊಳೆದಿದ್ದೆ, ಆದರೆ ಹೊರಗಷ್ಟೇ. ಅಂಗಡಿಯವರು ಆ ಮಣ್ಣಿನ ಸಮೇತ ಬ್ಯಾಲೆನ್ಸ್ ಮಾಡಿದ್ದರು. ಮಷಿನ್ ಸೊನ್ನೆ ತೋರಿಸಿತು, ಅದು ಸುಳ್ಳೂ ಅಲ್ಲ. ಎರಡು ದಿನ ಬಿಟ್ಟು ಮಣ್ಣಿನ ಒಂದು ಹೆಂಟೆ ಉದುರಿದಾಗ, ಅದನ್ನ ಸರಿದೂಗಿಸೋಕೆ ಅಂಟಿಸಿದ್ದ ವೇಟೇ ಹೊಸ ತೊಂದರೆ ಆಯ್ತು. ನಾಲ್ಕೂ ರಿಮ್ ಒಳಗಡೆ ಉಜ್ಜಿ ತೊಳೆದು, ಹಳೇ ವೇಟ್ ಎಲ್ಲ ಕಿತ್ತು, ಹೊಸದಾಗಿ ಬ್ಯಾಲೆನ್ಸ್ ಮಾಡಿಸಿದ ಮೇಲೆ ಮುಕ್ಕಾಲು ನಡುಕ ಹೋಯ್ತು.

ಉಳಿದ ಕಾಲು ಭಾಗ ಬಲಗಡೆಯ ಒಂದು ರಿಮ್ಮಿನದ್ದು. ಜಾಕ್ ಮೇಲೆ ಎತ್ತಿ, ಗಾಡಿಗೆ ಸ್ಟ್ಯಾಂಡ್ ಕೊಟ್ಟು, ರಿಮ್ಮಿನ ಅಂಚಿಗೆ ತಾಗೀತಾಗದಂತೆ ಒಂದು ಸ್ಕ್ರೂಡ್ರೈವರ್ ನಿಲ್ಲಿಸಿ ಚಕ್ರ ಕೈಯಿಂದ ತಿರುಗಿಸಿದೆ. ಒಂದು ಜಾಗದಲ್ಲಿ ಸುಮಾರು 2 ಮಿಮೀ ವ್ಯತ್ಯಾಸ. 1 ಮಿಮೀ ಒಳಗಿದ್ದರೆ ಚಿಂತೆ ಇಲ್ಲ. ತೂಕ ಸಮ ಇದ್ದ ಮಾತ್ರಕ್ಕೆ ಚಕ್ರ ದುಂಡಗಿದೆ ಅಂತ ಅರ್ಥ ಅಲ್ಲ. ಮೊಟ್ಟೆಯನ್ನೂ ಬ್ಯಾಲೆನ್ಸ್ ಮಾಡಬಹುದು.

ಅಂಗಡಿಯಲ್ಲಿ ಕೇಳಬೇಕಾದ್ದು

ರಿಮ್ ಒಳಗೆ ತೊಳೆದು, ಹಳೇ ವೇಟ್ ತೆಗೆದೇ ಬ್ಯಾಲೆನ್ಸ್ ಮಾಡಿ ಅನ್ನಿ. ಹಬ್ ಮುಖದ ತುಕ್ಕು ಬ್ರಷ್‌ನಿಂದ ತೆಗೆಸಿ. ನಟ್‌ಗಳನ್ನು ಎದುರುಬದುರಾಗಿ, ಮ್ಯಾನುಯಲ್ ಹೇಳಿದ ಟಾರ್ಕ್‌ಗೆ ಬಿಗಿಸಲಿ. ಟೈರಿನ ಮೇಲಿರೋ ನಾಲ್ಕಂಕಿ ನೋಡಿ: 2319 ಅಂದರೆ 2019ರ 23ನೇ ವಾರದಲ್ಲಿ ಆದ ಟೈರ್.

ಅಲೈನ್‌ಮೆಂಟ್ ಕೆಟ್ಟರೆ ಗಾಡಿ ಒಂದು ಕಡೆ ಎಳೆಯುತ್ತೆ, ಟೈರ್ ಒಂದು ಬದಿ ಸವೆಯುತ್ತೆ. ನಡುಕಕ್ಕೆ ಅದು ಔಷಧಿ ಅಲ್ಲ. ಇನ್ನು ಸವೆದ ಬುಷ್, ಟೈ ರಾಡ್ ಎಂಡ್ ಸಾಮಾನ್ಯವಾಗಿ ತಾವೇ ನಡುಕ ಹುಟ್ಟಿಸಲ್ಲ, ಬಂದ ನಡುಕವನ್ನ ದೊಡ್ಡದು ಮಾಡ್ತಾವೆ. ಸಡಿಲ ಇದ್ದರೆ ಖಂಡಿತ ಬದಲಿಸಿ, ಅದು ಸೇಫ್ಟಿ ವಿಷಯ. ಆದರೆ ಮೂಲ ಕಾರಣ ಹುಡುಕೋದು ಅಲ್ಲಿಗೇ ನಿಲ್ಲಬಾರದು.

ಕೊನೆಗೆ ನಾನು ಬದಲಿಸಿದ್ದು ಒಂದೇ ಒಂದು ರಿಮ್. ನಾಲ್ಕೂ ಟೈರ್ ಇನ್ನೂ ಓಡ್ತಾ ಇವೆ, ಲೋವರ್ ಆರ್ಮ್ ಜಾಕ್ ಮೇಲೆ ಅಲ್ಲಾಡಿಸಿ ನೋಡಿದಾಗ ಗಟ್ಟಿಯಾಗೇ ಇತ್ತು. ಮಳೆಗಾಲದಲ್ಲಿ ಆ ಕಡೆ ಹೊರಟರೆ ಬುತ್ತಿ ಡಾಂಬರ್ ಮೇಲೇ ಬಿಚ್ಚಿ. ಮುಂದಿನ ವಿಡಿಯೋದಲ್ಲಿ ಸಿಗೋಣ.