ಕೈತೋಟಕ್ಕೆ ಟ್ಯಾರಗನ್: ಎಲೆ ಅಗಿದು ನೋಡಿ, ಗಿಡ ಕೊಳ್ಳಿ

ಹೋಂಸ್ಟೇ ನಡೆಸುವ ನಮ್ಮ ಬೆಳೆಗಾರರಲ್ಲಿ ಕೆಲವರಿಗೆ ಅತಿಥಿಗಳ ಊಟಕ್ಕಾಗಿ ಪರದೇಶದ ಪರಿಮಳದ ಸೊಪ್ಪುಗಳನ್ನೂ ಬೆಳೆಯುವ ಆಸೆ ಇದೆ. ಅಂಥವುಗಳಲ್ಲಿ ಟ್ಯಾರಗನ್ ಒಂದು. ಫ್ರಾನ್ಸಿನವರು ಕೋಳಿ, ಮೀನು, ಮೊಟ್ಟೆಯ ಅಡುಗೆಗೆ ಇದನ್ನು ಬಳಸುತ್ತಾರೆ. ವಿನಿಗರ್‌ನಲ್ಲಿ ನೆನೆಹಾಕಿಯೂ ಇಡುತ್ತಾರೆ. ಸೋಂಪಿನಂಥ ಸಿಹಿ ಪರಿಮಳವೇ ಇದರ ಹೆಚ್ಚುಗಾರಿಕೆ. ಆದರೆ ಈ ಒಂದೇ ಹೆಸರಿನಲ್ಲಿ ಮೂರು ಬಗೆಯ ಗಿಡಗಳಿವೆ. ತಿಳಿಯದೆ ಕೊಂಡರೆ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತಾದೀತು.

ಫ್ರೆಂಚ್ ಮತ್ತು ರಷ್ಯನ್

ಇವೆರಡೂ ನಮ್ಮ ದವನದ ಹತ್ತಿರದ ಬಂಧುಗಳು. ಅಡುಗೆಗೆ ಮೇಲಾದದ್ದು ಫ್ರೆಂಚ್ ಬಗೆ. ಇದು ಹೂ ಬಿಡುವುದೇ ಅಪರೂಪ. ಬಿಟ್ಟರೂ ಮೊಳೆಯುವ ಬೀಜ ಕಟ್ಟುವುದಿಲ್ಲ. ಆದುದರಿಂದ ಬರಿಯ 'ಟ್ಯಾರಗನ್' ಎಂದು ಪೊಟ್ಟಣದಲ್ಲಿ ಮಾರುವ ಬೀಜ ಸಾಮಾನ್ಯವಾಗಿ ರಷ್ಯನ್ ಬಗೆಯದು. ಅದು ಎತ್ತರವಾಗಿ, ಹುಲುಸಾಗಿ ಬೆಳೆಯುತ್ತದೆ. ಆದರೆ ಎಲೆಯಲ್ಲಿ ಪರಿಮಳ ಕಡಿಮೆ, ಸ್ವಲ್ಪ ಕಹಿ.

ಮೆಣಸಿನ ಬಳ್ಳಿಯ ತಾಯಿಗುಣ ಉಳಿಯಲೆಂದು ನಾವು ಹಂಬು ಕತ್ತರಿಸಿ ನೆಡುತ್ತೇವಲ್ಲವೆ? ಫ್ರೆಂಚ್ ಟ್ಯಾರಗನ್ನಿಗೂ ಅದೇ ದಾರಿ: ಕುಡಿ ನೆಡಬೇಕು, ಇಲ್ಲವೆ ಬುಡ ಬಿಡಿಸಿ ನೆಡಬೇಕು. ನರ್ಸರಿಯಲ್ಲಿ ಒಂದು ಎಲೆ ಕೇಳಿ ಅಗಿದು ನೋಡಿ. ಸೋಂಪಿನ ಸಿಹಿ ಬಂದು ನಾಲಿಗೆ ತುಸು ಜುಮ್ಮೆಂದರೆ ಅದು ಫ್ರೆಂಚ್. ಹುಲ್ಲು ಜಗಿದಂತಾದರೆ ಕೊಳ್ಳಬೇಡಿ.

ನಮ್ಮ ಮಳೆಗೆ ಯಾವುದು?

ಫ್ರೆಂಚ್ ಬಗೆಗೆ ಚಳಿಗಾಲದ ವಿಶ್ರಾಂತಿ ಬೇಕು; ಸೆಕೆಯೂ ಒದ್ದೆ ಬುಡವೂ ಆಗದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಲೆನಾಡಿನ ಮಳೆಯಲ್ಲಿ ನೆಲದಲ್ಲಿಟ್ಟರೆ ಬೇರು ಕೊಳೆಯುವ ಭಯವಿದೆ. ಬೆಳೆಯಲೇಬೇಕೆನ್ನುವವರು ಕುಂಡದಲ್ಲಿಟ್ಟು, ಮಳೆಗಾಲದಲ್ಲಿ ಎರಚಲು ತಾಗದ, ಬೆಳಕಿರುವ ಜಾಗಕ್ಕೆ ಸರಿಸುವುದು ಲೇಸು.

ಮೂರನೆಯದು ಮೆಕ್ಸಿಕನ್ ಟ್ಯಾರಗನ್. ಇದು ದವನದ ಕುಲದ್ದಲ್ಲ, ಚೆಂಡುಹೂವಿನ ಕುಲದ್ದು. ಮೆಕ್ಸಿಕೊ, ಗ್ವಾಟೆಮಾಲಾ ಇದರ ತವರು. ಸೆಕೆಯನ್ನು ಚೆನ್ನಾಗಿ ತಾಳುತ್ತದೆ. ಸೋಂಪಿನ ಪರಿಮಳ ಇದರಲ್ಲೂ ಇರುವುದರಿಂದ ಅಡುಗೆಯಲ್ಲಿ ಫ್ರೆಂಚ್ ಬಗೆಗೆ ಬದಲಿಯಾಗಿ ಬಳಸುತ್ತಾರೆ. ಬೀಜದಿಂದಲೂ ಕುಡಿಯಿಂದಲೂ ಬೆಳೆಸಬಹುದು. ಹಗಲು ಕಿರಿದಾಗುವ ಕಾಲದಲ್ಲಿ ಹಳದಿ ಹೂ ಬಿಡುತ್ತದೆ. ಮೊದಲ ಸಲ ಬೆಳೆಯುವವರಿಗೆ ನಮ್ಮ ಸಲಹೆ ಇದೇ ಬಗೆ.

ಬೇಸಾಯ ಕ್ರಮ

ಮಳೆ ನಿಂತ ಮೇಲೆ ನೆಡಿ. ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕಳಿತ ಕಾಂಪೋಸ್ಟ್ ಸಾಕು. ನೆಲದಲ್ಲಾದರೆ ಏರುಮಡಿ ಮಾಡಿ, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಅಂತರ ಕೊಡಿ. ಕಾಫಿಯ ಮರಗಳಡಿ, ಅಡಕೆ ಸಾಲಿನ ನಡುವೆ ನೆಟ್ಟರೆ ಬಿಸಿಲು ಸಾಲದೆ ಗಿಡ ಸೊರಗುತ್ತದೆ. ಅಂಗಳದ ಬಿಸಿಲೇ ಒಳ್ಳೆಯದು. ತೋಟಕ್ಕೆ ತಂದ ಯೂರಿಯಾ ಇದಕ್ಕೆ ಹಾಕಬೇಡಿ. ಸಾರ ಹೆಚ್ಚಾದರೆ ಸೊಪ್ಪು ಹೆಚ್ಚೀತು, ಪರಿಮಳ ಕುಗ್ಗೀತು. ಮೇಲ್ಮಣ್ಣು ಒಣಗಿದ ಮೇಲೆ ನೀರು ಕೊಡಿ. ತುದಿ ಚಿವುಟುತ್ತಿದ್ದರೆ ಗಿಡ ಕವಲೊಡೆಯುತ್ತದೆ. ಫ್ರೆಂಚ್ ಬಗೆಯನ್ನು ಎರಡು-ಮೂರು ವರ್ಷಕ್ಕೊಮ್ಮೆ ಬುಡ ಬಿಡಿಸಿ ಹೊಸದಾಗಿ ನೆಡಬೇಕು.

ಸೊಪ್ಪನ್ನು ಹಸಿಯಾಗಿಯೇ, ಅಡುಗೆ ಇಳಿಸುವ ಹೊತ್ತಿಗೆ ಹಾಕಬೇಕು. ಫ್ರೆಂಚ್ ಎಲೆ ಒಣಗಿಸಿದರೆ ಪರಿಮಳದ ಬಹುಭಾಗ ಹೋಗುತ್ತದೆ.

ಮನೆಬಳಕೆಗೆ ಎರಡು ಗಿಡ ಧಾರಾಳ. ಮಾರುವ ಯೋಚನೆಯಿದ್ದರೆ, ಯಾವ ಬಗೆ ಬೇಕೆಂದು ಕೊಳ್ಳುವವರನ್ನು ಮೊದಲೇ ಕೇಳಿಕೊಳ್ಳಿ. ಒಂದು ಮಳೆಗಾಲ ಕುಂಡದಲ್ಲಿ ಗಿಡ ಉಳಿಸಿ ನೋಡಿ. ಸಾಲುಮಡಿಗೆ ಹಣ ಹಾಕುವುದು ಅನಂತರದ ಮಾತು.